ಅಜ್ಜಿಯ ಅಲ್ಯೂಮಿನಿಯಂ ಪೆಟ್ಟಿಗೆ

ನಾವು ಹೊರಟಿದ್ದು ಗಡಿಯಾಚೆ, ತಮಿಳುನಾಡಿನ ಗುಮಟಾಪುರದ ಗೊರೆಹಬ್ಬ ನೋಡಲು. ಬಲಿಪಾಡ್ಯಮಿಯ ಮಾರನೇ ದಿನ ಗಂಡಸರೆಲ್ಲ ಸಗಣಿ ಉಂಡೆ ಕಟ್ಟಿ ಒಬ್ಬರಿಗೊಬ್ಬರು ಹೊಡೆಯುವ ಹಬ್ಬ. ಚೆನ್ನಾಗಿತ್ತು. ಸಗಣಿಗಿಂತ ಮೊಬೈಲುಗಳೇ ಜಾಸ್ತಿ ಕಂಡವು. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಬಿಡಿ.

ಸಂಜೆ ತಾಳವಾಡಿಯಲ್ಲಿ ಕಾರಿನ ಟೈರು ಹೋಯಿತು. ಪಂಕ್ಚರ್ ಹಾಕುವವನೂ ಹಬ್ಬಕ್ಕೆ ಹೋಗಿದ್ದ. ಅವನು ಸ್ನಾನ ಮಾಡಿ ಬರುವವರೆಗೆ ಕಾದೆವು. ದಿಂಬಂ ಘಾಟಿ ಇಳಿದು ರಾತ್ರಿಯೇ ಸತ್ಯಮಂಗಲ ಸೇರುವುದು ನಮ್ಮ ಲೆಕ್ಕ. ಚೆಕ್‌ಪೋಸ್ಟ್ ಹತ್ತಿರ ಬಂದಾಗ ಒಂಬತ್ತು ದಾಟಿತ್ತು. ಗೇಟು ಬಿದ್ದಿತ್ತು. ಇದು ಹುಲಿ ಕಾಡು, ರಾತ್ರಿ ಸಂಚಾರಕ್ಕೆ ತಡೆ ಇದೆ. 2022ರಲ್ಲಿ ಮದ್ರಾಸ್ ಹೈಕೋರ್ಟೇ ಅದನ್ನು ಬಿಗಿ ಮಾಡಿಸಿದೆ. ನನ್ನ ಯಜಮಾನರು ಅರ್ಧ ಗಂಟೆ ವಾದ ಮಾಡಿದರು. ಏನೂ ಗಿಟ್ಟಲಿಲ್ಲ. ಆ ಕಡೆ ಹೋಗುವವರು ಗೇಟಿನ ಹೊತ್ತನ್ನು ಊರವರ ಹತ್ತಿರ ಕೇಳಿಕೊಂಡೇ ಹೊರಡಿ. ಫೋನಿನ ಮ್ಯಾಪು ಘಾಟಿಯ 27 ತಿರುವನ್ನೂ ತೋರಿಸುತ್ತದೆ, ಗೇಟನ್ನು ಮಾತ್ರ ತೋರಿಸುವುದಿಲ್ಲ.

ಮೈಸೂರಿನ ನರ್ಸಿಂಗ್ ಕಾಲೇಜಿನಲ್ಲಿ ನಾನು ಹೆರಿಗೆಯ ಪಾಠ ಮಾಡುತ್ತೇನೆ. ಹಳೇ ವಿದ್ಯಾರ್ಥಿನಿಯೊಬ್ಬಳು ಈ ಸೀಮೆಯವಳು, ಸೋಲಿಗರ ಹುಡುಗಿ. ಕನ್ನಡದಲ್ಲಿ ಓದಿ, ಆಮೇಲೆ ತಮಿಳು ಕಲಿತು, ಇಲ್ಲೇ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ನಾಚಿಕೊಂಡೇ ಫೋನ್ ಮಾಡಿದೆ. "ಮೇಡಂ, ಸುಮ್ನೆ ನಮ್ಮನೆಗೆ ಬನ್ನಿ" ಅಂದಳು.

ಬಿಸಿ ಮುದ್ದೆ, ಹುರುಳಿಕಾಳಿನ ಸಾರು. ಖಾರ ಸ್ವಲ್ಪ ಜಾಸ್ತಿ, ಆದರೂ ಹಬ್ಬದೂಟಕ್ಕಿಂತ ನೂರು ಪಾಲು ವಾಸಿ. ಊಟ ಆದ ಮೇಲೆ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಅವಳ ಅಜ್ಜಿ ಕೇಳಿದರು, "ಇವ್ರೂ ಹೆರಿಗೆ ಮಾಡ್ಸೋರಾ?"

"ಮಾಡ್ಸೋದನ್ನ ಹೇಳ್ಕೊಡ್ತೀನಿ ಅಜ್ಜಿ."

"ಹೇಳ್ಕೊಟ್ರೆ ಬಂದದಾ?"

ಅಜ್ಜಿ ಸೂಲಗಿತ್ತಿ. ಎಷ್ಟು ಹೆರಿಗೆ ಅಂತ ಕೇಳಿದರೆ, "ಲೆಕ್ಕ ಯಾರ್ ಮಡ್ಗಿದ್ದಾರು ಕನವ್ವ" ಅಂದರು. ಅವರ ಅತ್ತೆಯ ಕೈ ಹಿಡಿದು ಕಲಿತದ್ದು. ಎದ್ದು ಹೋಗಿ ಒಂದು ಅಲ್ಯೂಮಿನಿಯಂ ಪೆಟ್ಟಿಗೆ ತಂದರು. ಹಿಂದೆ ಸರ್ಕಾರದವರು ದಾಯಿಗಳಿಗೆ ತರಬೇತಿ ಕೊಟ್ಟು ಕೊಡುತ್ತಿದ್ದ ಪೆಟ್ಟಿಗೆ. ಆಗ ಅದರಲ್ಲಿ ಸೋಪು, ಬ್ಲೇಡು, ದಾರ ಇತ್ತಂತೆ. ಈಗ ರೇಷನ್ ಕಾರ್ಡು, ಎಲೆ ಅಡಿಕೆ.

2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಸ್ಪತ್ರೆಯಲ್ಲಿ ಹೆತ್ತರೆ ದುಡ್ಡು. ಅಜ್ಜಿಯನ್ನು ಕರೆಯುವವರು ಕಡಿಮೆಯಾದರು. ಇದನ್ನು ಅನ್ಯಾಯ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಅಜ್ಜಿಯೇ ಹೇಳಿದರು. ಒಂದು ರಾತ್ರಿ ಕೂಸು ಬಂತು, ಕಸ, ಅಂದರೆ ಮಾಸು, ಬೀಳಲಿಲ್ಲ, ರಕ್ತ ನಿಲ್ಲಲಿಲ್ಲ. ಜೀಪು ಬರುವಷ್ಟರಲ್ಲಿ ಬೆಳಕು ಹರಿದಿತ್ತು. "ಅವಳ ಹೆಸ್ರನ್ನ ನನ್ ಮೊಮ್ಮಗಳಿಗೆ ಇಟ್ಟಿವ್ನಿ" ಅಂದರು. ನನ್ನ ವಿದ್ಯಾರ್ಥಿನಿ ತಲೆ ತಗ್ಗಿಸಿ ಪಾತ್ರೆ ಎತ್ತಿಡುತ್ತಿದ್ದಳು. ನಾಲ್ಕು ವರ್ಷ ಹಾಜರಿ ಕೂಗಿದ ಹೆಸರು.

ಆದರೆ ಅಜ್ಜಿಗೆ ಸಿಟ್ಟಿರುವುದು ಬೇರೆ ವಿಷಯಕ್ಕೆ. "ಅಂಗಾತ ಮಲಗ್ಸಿ ಹೆರು ಅಂತರಲ್ಲ, ಕೂಸು ಇಳೀಬೇಕಾ, ಬೆಟ್ಟ ಹತ್ಬೇಕಾ?" ಅವರು ಮೊಣಕಾಲೂರಿಸಿ, ಜಂತೆಗೆ ಕಟ್ಟಿದ ಹಗ್ಗ ಹಿಡಿಸಿ ಹೆರಿಸುತ್ತಿದ್ದವರು. ಹೆಂಗಸು ತನಗೆ ಬೇಕಾದ ಹಾಗೆ, ಕೂತೋ ನಿಂತೋ ಹೆರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಹೇಳಿತು. ನಾನು ಅದನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಆಮೇಲೆ ವಾರ್ಡಿಗೆ ಹೋದರೆ ಎಲ್ಲರೂ ಅಂಗಾತವೇ.

ಸಮಾಧಾನಕ್ಕೆ ಪಾವಗಡದ ಸೂಲಗಿತ್ತಿ ನರಸಮ್ಮನವರ ಕಥೆ ಹೇಳಿದೆ. 15,000ಕ್ಕೂ ಹೆಚ್ಚು ಹೆರಿಗೆ, ಅದೂ ಪುಕ್ಕಟೆ. 2018ರಲ್ಲಿ ಪದ್ಮಶ್ರೀ. ಅಜ್ಜಿ ಕೇಳಿದರು, "ಪದಕ ಕೊಟ್ರಾ, ಕೋಣೆ ಕೊಟ್ರಾ?"

ನಾನು ಸುಮ್ಮನಾದೆ. ಅದೇ ವರ್ಷದ ಕೊನೆಗೆ ಕೇಂದ್ರ ಸರ್ಕಾರ ಸೂಲಗಿತ್ತಿಯರೇ ನಡೆಸುವ ಹೆರಿಗೆ ಘಟಕಗಳ ಬಗ್ಗೆ ಮಾರ್ಗಸೂಚಿ ತಂದಿತು. 18 ತಿಂಗಳ ತರಬೇತಿ. ಆದರೆ ಅದು ನರ್ಸಿಂಗ್ ಓದಿದವರಿಗೆ. ಆ ಬಾಗಿಲಲ್ಲಿ ಮೊಮ್ಮಗಳು ಹೋಗಬಹುದು, ಅಜ್ಜಿ ಹೋಗುವ ಹಾಗಿಲ್ಲ.

ಕೊನೆಗೆ ಕೆನಡಾದ ವಿಷಯ ತೆಗೆದೆ. ಹಡ್ಸನ್ ಕೊಲ್ಲಿಯ ದಡದಲ್ಲಿ ಪುವಿರ್ನಿಟುಕ್ ಅಂತ, ಹಿಮದ ಸೀಮೆಯ ಮೂಲನಿವಾಸಿಗಳಾದ ಇನುಯಿಟ್ ಜನರ ಊರು. ದಿನ ತುಂಬುವ ಮುಂಚೆಯೇ ಬಸುರಿಯರನ್ನು ವಿಮಾನ ಹತ್ತಿಸಿ, ಸಾವಿರ ಕಿಲೋಮೀಟರಿಗೂ ದೂರದ ಪಟ್ಟಣಗಳಿಗೆ ಒಯ್ಯುತ್ತಿದ್ದರು. ಅಲ್ಲಿ ವಾರಗಟ್ಟಲೆ ಒಬ್ಬರೇ. ಹೆಂಗಸರು ಜಗಳ ಮಾಡಿ 1986ರಲ್ಲಿ ಊರಲ್ಲೇ ಹೆರಿಗೆ ಮನೆ ಮಾಡಿಸಿಕೊಂಡರು. ಊರಿನ ಹೆಣ್ಣುಮಕ್ಕಳೇ ಅಲ್ಲೇ ಕೆಲಸ ಮಾಡುತ್ತಾ, ತಮ್ಮ ಭಾಷೆಯಲ್ಲೇ ಕಲಿತು, ಅದನ್ನು ನಡೆಸುವವರಾದರು. ಯಾರು ಊರಲ್ಲಿ ಹೆರಬಹುದು, ಯಾರನ್ನು ಕಳಿಸಬೇಕು ಅಂತ ಸೂಲಗಿತ್ತಿಯರು, ಡಾಕ್ಟರು ಕೂತು ಮಾತಾಡುತ್ತಾರೆ.

"ಹೊಟ್ಟೆ ಕುಯ್ಯೋದು?"

"ಅದಕ್ಕೆ ವಿಮಾನವೇ."

"ನಮ್ಗೆ ಜೀಪು ಸಾಕು" ಅಂದರು ಅಜ್ಜಿ. ಸ್ವಲ್ಪ ಹೊತ್ತು ಬಿಟ್ಟು, "ಮುದುಕೀರ್ನೂ ಒಳಕ್ಕ ಬುಟ್ಟರಾ?"

ಅಷ್ಟೊತ್ತಿಗೆ ಮೊಮ್ಮಗಳು ನಗತೊಡಗಿದಳು. ಹೆರಿಗೆ ಕೋಣೆಗೆ ಜೊತೆಗೊಬ್ಬ ಹೆಂಗಸನ್ನು ಬಿಡಬಹುದು ಅಂತ ನಿಯಮ ಇದೆ. ಊರಿನ ಹುಡುಗಿ ಬಂದು, ತನ್ನ ಪಾಳಿಯೂ ಇದ್ದರೆ, ಅಜ್ಜಿಗೆ ಹೇಳಿ ಕಳಿಸುತ್ತಾಳೆ. ಅಜ್ಜಿ ಹರಳೆಣ್ಣೆ ಹಚ್ಚಿ ಬೆನ್ನು ನೀವುತ್ತಾರೆ, ಓಡಾಡಿಸುತ್ತಾರೆ. "ರಿಜಿಸ್ಟರಲ್ಲಿ ಅತ್ತೆ ಅಂತ ಬರೀತೀನಿ ಮೇಡಂ. ನಮ್ಮಜ್ಜಿಗೆ ಈಗ ಎಷ್ಟೊಂದು ಸೊಸೇರು ಗೊತ್ತಾ?" ನಾನು ಅವಳ ಟೀಚರು. ಬೈಯಬೇಕಿತ್ತು. ಬೈಯಲಿಲ್ಲ.

ಬೆಳಗ್ಗೆ ಆರಕ್ಕೆ ಗೇಟು ತೆಗೆಯುತ್ತಾರೆ ಅಂತ ಐದೂವರೆಗೇ ಹೊರಟೆವು. ಯಜಮಾನರು ಕಾರು ಚಾಲೂ ಮಾಡಿದ್ದರು. ಅಜ್ಜಿ ಕಂಬಳಿ ಹೊದ್ದುಕೊಂಡೇ ಕಿಟಕಿ ಹತ್ತಿರ ಬಂದು ಬಗ್ಗಿದರು. ರಾತ್ರಿಯೆಲ್ಲ ಅದನ್ನೇ ಯೋಚಿಸಿದ್ದರು ಅಂತ ಕಾಣುತ್ತದೆ.

"ಆ ಹಿಮದೂರಲ್ಲಿ ನೆಲ ಕಲ್ಲಾಗಿರಲ್ವಾ ಅವ್ವ? ಕಸ ಎಲ್ ಹೂಳ್ತರು?"