ಯಾವ ಕೋಚ್ ಹತ್ತಿರ ಹೋಗಲಿ?

“ಒಬ್ಬ ಒಳ್ಳೆ ಕೋಚ್ ಹೆಸರು ಹೇಳಿ” ಎಂದು ಕೇಳುವವರು ಜಾಸ್ತಿ. ಆಟದ ಕೋಚ್ ಅಲ್ಲ, ಕೆಲಸದಲ್ಲಿ ಎಲ್ಲಿ ಸಿಕ್ಕಿಕೊಂಡಿದ್ದೇವೆ ಎಂದು ಪ್ರಶ್ನೆ ಕೇಳುತ್ತಾ, ದಾರಿಯನ್ನು ನಾವೇ ಕಂಡುಕೊಳ್ಳಲು ನೆರವಾಗುವ ಕೋಚ್. ಹೆಸರು ಹೇಳುವ ಮುಂಚೆ ನಾನು ತಿರುಗಿ ಕೇಳುತ್ತೇನೆ: ಯಾಕೆ ಬೇಕು? “ಕೆರಿಯರ್‌ನಲ್ಲಿ ಮುಂದೆ ಬರಬೇಕು” ಅಂದರೆ ಸಾಲದು. “ಹೊಸದಾಗಿ ಟೀಮ್ ನೋಡಿಕೊಳ್ಳುವ ಹೊಣೆ ಬಂದಿದೆ, ಕೆಲಸ ಹಂಚೋಕೆ ಮನಸ್ಸೇ ಬರಲ್ಲ, ಎಲ್ಲ ನಾನೇ ಮಾಡಿಬಿಡ್ತೀನಿ” ಅಂದರೆ ಮುಂದೆ ಮಾತಾಡಬಹುದು.

ಇಷ್ಟು ಬಿಡಿಸಿ ಹೇಳುವಷ್ಟರಲ್ಲಿ ಕೆಲವರಿಗೆ ಕೋಚ್ ಬೇಡವೇ ಬೇಡ ಅನ್ನುವುದು ಗೊತ್ತಾಗಿಬಿಡುತ್ತದೆ. ನಿಮ್ಮ ಕ್ಷೇತ್ರದ ಒಳಹೊರಗು ತಿಳಿಯಬೇಕಿದ್ದರೆ ಅದರಲ್ಲೇ ಪಳಗಿದ ಮೆಂಟರ್ ಒಬ್ಬರು ಸಾಕು. ಎಕ್ಸೆಲ್ ಬರದಿದ್ದರೆ ಕ್ಲಾಸಿಗೆ ಸೇರಿ. ವಾರಗಟ್ಟಲೆ ನಿದ್ದೆ ಇಲ್ಲ, ಯಾವುದೂ ಬೇಡ ಅನ್ನಿಸುತ್ತಿದೆ ಅಂದರೆ ಮನೋವೈದ್ಯರನ್ನು ನೋಡಿ, ಕೋಚ್ ಹುಡುಕುತ್ತಾ ತಡ ಮಾಡಬೇಡಿ. ಏನು ಮಾಡಬೇಕೆಂದು ಗೊತ್ತಿದ್ದೂ ಮಾಡಲಾಗುತ್ತಿಲ್ಲ ಎನ್ನುವವರಿಗೆ ಕೋಚ್ ನಿಜಕ್ಕೂ ಉಪಯೋಗಕ್ಕೆ ಬರುತ್ತಾರೆ.

ಇನ್ನು ಸರ್ಟಿಫಿಕೇಟ್. ಬಹುತೇಕ ದೇಶಗಳಲ್ಲಿ ಕೋಚ್ ಎಂದು ಕರೆದುಕೊಳ್ಳಲು ಲೈಸೆನ್ಸ್ ಬೇಕಿಲ್ಲ, ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ಹಾಗಾಗಿ ವಿಚಾರಿಸುವುದು ಒಳ್ಳೆಯದು. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ಎಂಬ ಸಂಸ್ಥೆ ಕೋಚ್‌ಗಳಿಗೆ ಕೊಡುವ ಸರ್ಟಿಫಿಕೇಟ್‌ನಲ್ಲಿ ಮೂರು ದರ್ಜೆ ಇಟ್ಟಿದೆ. ಮೊದಲ ದರ್ಜೆ ಎಸಿಸಿ (ಅಸೋಸಿಯೇಟ್ ಸರ್ಟಿಫೈಡ್ ಕೋಚ್) ಸಿಗಬೇಕಾದರೆ ಕನಿಷ್ಠ 100 ಗಂಟೆ ಕೋಚಿಂಗ್ ಮಾಡಿರಬೇಕು, ಅದರ ಮೇಲಿನ ಪಿಸಿಸಿಗೆ (ಪ್ರೊಫೆಷನಲ್ ಸರ್ಟಿಫೈಡ್ ಕೋಚ್) 500, ಎಲ್ಲಕ್ಕಿಂತ ಮೇಲಿನ ಎಂಸಿಸಿಗೆ (ಮಾಸ್ಟರ್ ಸರ್ಟಿಫೈಡ್ ಕೋಚ್) 2,500. ಇದರಿಂದ ಅನುಭವ ಎಷ್ಟೆಂದು ತಿಳಿಯುತ್ತದೆ. ನಿಮಗೆ ಹೊಂದುತ್ತಾರೋ ಇಲ್ಲವೋ ಅನ್ನುವುದು ಬೇರೆ ಮಾತು.

ಅದು ತಿಳಿಯುವುದು ಮೊದಲ ಮಾತುಕತೆಯಲ್ಲಿ. ತುಂಬಾ ಕೋಚ್‌ಗಳು ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. “ಮೀಟಿಂಗ್‌ನಲ್ಲಿ ನನ್ನ ಮಾತು ಯಾರೂ ಕೇಳಲ್ಲ” ಎಂದು ಹೇಳಿ ನೋಡಿ. ಒಬ್ಬರು, “ಇದು ಎಲ್ಲರಿಗೂ ಇರೋದೇ, ನಮ್ಮ ಮೂರು ತಿಂಗಳ ಪ್ಯಾಕೇಜ್‌ನಲ್ಲಿ ಸರಿಹೋಗುತ್ತೆ” ಅಂತಾರೆ. ಇನ್ನೊಬ್ಬರು, “ಹೋದ ಮೀಟಿಂಗ್‌ನಲ್ಲಿ ಏನು ಹೇಳಿದ್ರಿ? ಅದೇ ಮಾತಲ್ಲಿ ಹೇಳಿ” ಅಂತಾರೆ. ನೀವು ತಡವರಿಸುತ್ತೀರಿ. ಅವರು ಬಾಯಿ ಹಾಕದೆ ಸುಮ್ನೆ ಕಾಯುತ್ತಾರೆ. ಆಮೇಲೆ, “ಇದರಲ್ಲಿ ನಿಮಗೆ ಏನು ಬೇಕಿತ್ತು ಅನ್ನೋದು ಎಲ್ಲಿ ಬಂತು?” ಎಂದು ಕೇಳುತ್ತಾರೆ. ಸ್ವಲ್ಪ ಇರುಸುಮುರುಸಾಗುತ್ತದೆ, ನಿಜ. ನಾನಾದರೆ ಇವರನ್ನೇ ಆರಿಸುತ್ತೇನೆ. ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ತಮ್ಮ ಸಾಧನೆಯನ್ನೇ ಹೇಳಿಕೊಂಡವರು ಮುಂದೆಯೂ ಹಾಗೇ ಅಲ್ವಾ?

ಫೀಸು ಕಂಪನಿ ಕೊಡುತ್ತಿದ್ದರೆ ಇನ್ನೊಂದು ವಿಷಯ ಇದೆ. ನೀವು ಆಡಿದ ಮಾತಿನಲ್ಲಿ ಎಷ್ಟು ಎಚ್‌ಆರ್ ಕಿವಿಗೆ ಹೋಗುತ್ತದೆ? ಗುರಿ ಏನು, ಎಷ್ಟು ಸೆಷನ್ ಆಯಿತು ಅನ್ನುವುದನ್ನು ತಿಳಿಸಿದರೆ ತೊಂದರೆ ಇಲ್ಲ. ಬಾಸ್ ಬಗ್ಗೆ ನೀವು ಹೇಳಿದ್ದು ಅಲ್ಲಿಗೆ ಮುಟ್ಟಬಾರದು. ಇದನ್ನು ಶುರುವಿನಲ್ಲೇ ಬರಹದಲ್ಲಿ ಮಾಡಿಕೊಳ್ಳಿ.

ಪ್ರಮೋಷನ್ ಗ್ಯಾರಂಟಿ ಎನ್ನುವವರನ್ನು, ಇವತ್ತೇ ದುಡ್ಡು ಕಟ್ಟಿದರೆ ರಿಯಾಯಿತಿ ಎನ್ನುವವರನ್ನು ಅಲ್ಲಿಗೇ ಬಿಡಿ. ಇಬ್ಬರು ಮೂವರ ಜೊತೆ ಮಾತಾಡಿ. ಹೊಂದದಿದ್ದರೆ ಮಧ್ಯದಲ್ಲಿ ಬಿಡಬಹುದಾ, ಉಳಿದ ಸೆಷನ್‌ಗಳ ದುಡ್ಡು ವಾಪಸ್ ಬರುತ್ತಾ ಎಂದೂ ಕೇಳಿ. ಒಳ್ಳೆಯ ಕೋಚ್ ಈ ಪ್ರಶ್ನೆಗೆ ಮುಖ ಗಂಟಿಕ್ಕಿಕೊಳ್ಳುವುದಿಲ್ಲ.