ಬೀಗ ಬಿದ್ದ ಮನೆಗಳಿಗೂ ಮಳೆಗಾಲ ಬರುತ್ತದೆ

ಭದ್ರಾವತಿಯಲ್ಲಿ ಖಾಲಿ ಮನೆಗಳ ವಿಷಯ ಎತ್ತಿದರೆ ಎರಡೇ ನಿಮಿಷಕ್ಕೆ ಮಾತು ಕಾರ್ಖಾನೆಯ ಕಡೆ ಹೊರಳುತ್ತದೆ. ಕಾರ್ಖಾನೆ ಮೊದಲಿನಂತೆ ನಡೆದರೆ ಜನ ತಾವಾಗಿ ಬರುತ್ತಾರೆ, ಮನೆಗಳು ತುಂಬುತ್ತವೆ, ಅಲ್ಲಿಯವರೆಗೆ ಯಾರೂ ಏನೂ ಮಾಡುವಂತಿಲ್ಲ ಎಂಬಲ್ಲಿಗೆ ಚರ್ಚೆ ಮುಗಿದುಹೋಗುತ್ತದೆ. ಈ ವಾದ ನನಗೆ ಒಪ್ಪಿಗೆಯಿಲ್ಲ. ಕಾರ್ಖಾನೆಯ ಹಣೆಬರಹ ದೆಹಲಿಯಲ್ಲೋ ಬೆಂಗಳೂರಿನಲ್ಲೋ ತೀರ್ಮಾನವಾಗುವಂಥದ್ದು. ಹೆಂಚು ಜಾರಿದ ಮಾಡಿನಿಂದ ಜೂನ್ ತಿಂಗಳಲ್ಲಿ ನೀರು ಇಳಿಯುವುದಕ್ಕೆ ಯಾವ ತೀರ್ಮಾನವೂ ಬೇಕಿಲ್ಲ. ದೊಡ್ಡವರ ತೀರ್ಮಾನ ಬರುವ ಹೊತ್ತಿಗೆ ವಾಸಕ್ಕೆ ಯೋಗ್ಯವಾದ ಮನೆಗಳು ಎಷ್ಟು ಉಳಿದಿರುತ್ತವೆ ಎಂಬುದಷ್ಟೇ ಊರಿನಲ್ಲಿರುವ ನಮ್ಮ ಕೈಯಲ್ಲಿದೆ.

ಹೊರಗಿನ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ. ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಈ ಊರಿನಲ್ಲಿ ಮೈಸೂರು ಸಂಸ್ಥಾನ 1918ರಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡಿನ ಇದ್ದಿಲಿನಲ್ಲಿ ಕರಗಿಸಿ 1923ರಿಂದ ಕಬ್ಬಿಣ ತೆಗೆಯತೊಡಗಿದರು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಕಾಗದದ ಉತ್ಪಾದನೆ 2015ರಲ್ಲಿ ನಿಂತಿತು. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದು, ಕಾರ್ಮಿಕರ ಹೋರಾಟದ ನಂತರ ಅದೇ ವರ್ಷ ಒಂದಷ್ಟು ಉತ್ಪಾದನೆ ಮತ್ತೆ ಶುರುವಾಯಿತು. ಆದರೆ ಜನ ಊರು ಬಿಡುವುದು ಇವೆಲ್ಲಕ್ಕಿಂತ ಮೊದಲೇ ಆರಂಭವಾಗಿತ್ತು. 2001ರ ಜನಗಣತಿಯಲ್ಲಿ ಸುಮಾರು 1.6 ಲಕ್ಷವಿದ್ದ ನಗರದ ಜನಸಂಖ್ಯೆ 2011ಕ್ಕೆ ಸುಮಾರು 1.5 ಲಕ್ಷಕ್ಕೆ ಇಳಿದಿತ್ತು. ಇಪ್ಪತ್ತು ಕಿಲೋಮೀಟರ್ ಆಚೆಯ ಶಿವಮೊಗ್ಗ ಅದೇ ದಶಕದಲ್ಲಿ ಬೆಳೆಯುತ್ತಲೇ ಇತ್ತು.

ಹೀಗೆ ಖಾಲಿಯಾದ ಮನೆಗಳಲ್ಲಿ ಎರಡು ಬಗೆ. ಒಂದು, ಕಾರ್ಖಾನೆಯ ಕ್ವಾರ್ಟರ್ಸ್. ಇವುಗಳಿಗೆ ಒಬ್ಬನೇ ಮಾಲೀಕ, ಕಾಗದಪತ್ರ ಸ್ಪಷ್ಟ, ಆದರೆ ದುರಸ್ತಿಗೆ ದುಡ್ಡಿಲ್ಲ. ಇನ್ನೊಂದು, ನೌಕರರು ನಿವೃತ್ತಿಯ ಹಣದಲ್ಲಿ ಊರೊಳಗೆ ಕಟ್ಟಿಕೊಂಡ ಸ್ವಂತ ಮನೆಗಳು. ಇಲ್ಲಿ ದುಡ್ಡು ಹೇಗೋ ಹೊಂದೀತು, ಮಕ್ಕಳು ಬೆಂಗಳೂರಿನಲ್ಲಿ ಚೆನ್ನಾಗಿಯೇ ಇರುತ್ತಾರೆ, ಆದರೆ ನಾಲ್ಕು ಜನ ವಾರಸುದಾರರಲ್ಲಿ ಸುಣ್ಣ ಹೊಡೆಸುವವರು ಯಾರು ಎಂಬುದೇ ಇತ್ಯರ್ಥವಾಗಿರುವುದಿಲ್ಲ. ನನ್ನ ಚಿಕ್ಕಪ್ಪನದೂ ಸೇರಿದಂತೆ ಇಂಥ ಕೆಲವು ಮನೆಗಳ ಬೀಗದ ಕೈ ನನ್ನ ಬಳಿ ಇರುವುದರಿಂದ, ಮನೆ ಹೇಗೆ ಕೆಡುತ್ತದೆ ಎಂಬುದನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿದೆ.

ಕೆಡುವುದಕ್ಕೆ ಒಂದು ಕ್ರಮವಿದೆ. ಮಾಡಿನ ಮೇಲೆ ಕೋತಿಗಳ ಹಿಂಡು ಓಡಿದಾಗ ಒಂದು ಹೆಂಚು ಅರ್ಧ ಅಂಗುಲ ಜಾರುತ್ತದೆ. ಜನವಿರುವ ಮನೆಯಲ್ಲಿ ಮೊದಲ ಮಳೆಗೇ ನೆಲದ ಮೇಲೆ ತಟತಟ ಎಂದು ಸದ್ದಾಗಿ, ಯಾರೋ ಬಕೆಟ್ ಇಟ್ಟು, ಮಾರನೆಯ ದಿನ ಕೋಲಿನಿಂದ ಹೆಂಚನ್ನು ಮೇಲಕ್ಕೆ ತಳ್ಳುತ್ತಾರೆ; ಅಲ್ಲಿಗೆ ಮುಗಿಯಿತು. ಬೀಗ ಹಾಕಿದ ಮನೆಯಲ್ಲಿ ಅದೇ ನೀರು ಅದೇ ರೀಪಿನ ಮೇಲೆ, ಅಂದರೆ ಹೆಂಚು ಕೂರುವ ಮರದ ಪಟ್ಟಿಯ ಮೇಲೆ, ನಾಲ್ಕು ತಿಂಗಳು ಬೀಳುತ್ತದೆ. ರೀಪು ಮೊದಲು ಕಪ್ಪಾಗುತ್ತದೆ, ನಂತರ ಉಗುರು ಊರಿದರೆ ಒಳಹೋಗುವಷ್ಟು ಮೆತ್ತಗಾಗುತ್ತದೆ, ಅದರ ಆಸರೆಯಲ್ಲಿದ್ದ ಇನ್ನಷ್ಟು ಹೆಂಚುಗಳು ಸಡಿಲವಾಗುತ್ತವೆ. ಅಷ್ಟರಲ್ಲಿ ನೀರು ಗೋಡೆಯ ತಲೆಗೆ ತಲುಪಿರುತ್ತದೆ. ಹಳೆಯ ಮನೆಗಳಲ್ಲಿ ಇಟ್ಟಿಗೆಗಳ ನಡುವೆ ಇರುವುದು ಬರಿಯ ಮಣ್ಣಾದ್ದರಿಂದ ಗೋಡೆ ಒಳಗಿನಿಂದಲೇ ತೊಳೆದುಹೋಗುತ್ತದೆ. ಹೊರಗಿನ ಗಿಲಾವು ಮಾತ್ರ ಏನೂ ಆಗದಂತೆ ನಿಂತಿರುತ್ತದೆ. ಒದ್ದೆ ಗೋಡೆಯನ್ನು ಹಿಡಿದು ಒರಲೆ ಮೇಲೇರಿ ಬಾಗಿಲಿನ ಚೌಕಟ್ಟಿಗೆ ಬರುತ್ತದೆ. ಒಂದೆರಡು ಮಳೆಗಾಲ ಕಳೆದು ಮಾಡಿನ ಬೆನ್ನು ಬಾಗಿದಾಗ ಬೀದಿಯವರು ಮೊದಲ ಬಾರಿಗೆ ಆ ಮನೆಯನ್ನು ಗಮನಿಸಿ, ಪಾಪ, ಹಳೇ ಮನೆ ಎನ್ನುತ್ತಾರೆ. ಬಿದ್ದದ್ದು ವಯಸ್ಸಿನಿಂದಲ್ಲ ಎಂದು ಹೇಳಿದರೆ ನಂಬುವುದು ಕಷ್ಟ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅರೆಮಲೆನಾಡಾದ ನಮ್ಮಲ್ಲಿ ಅದರ ಕಾಲುಭಾಗವೂ ಇಲ್ಲ. ಆದರೂ ಆಗುಂಬೆಯ ಕಡೆ ನೂರಾರು ವರ್ಷದ ಮನೆಗಳು ನಿಂತಿವೆ, ಇಲ್ಲಿ ಐವತ್ತು ವರ್ಷದವು ಕುಸಿಯುತ್ತಿವೆ. ಅಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು ಅಡಿಕೆ ತೋಟದ ಕೆಲಸದಷ್ಟೇ ಖಾಯಂ ಕೆಲಸ, ಯಾರೂ ನೆನಪಿಸಬೇಕಾಗಿಲ್ಲ. ಮಾಡಿನ ಕೆಲಸ ಮಾಡುವ ಒಬ್ಬರು ನನಗೆ ಹೇಳಿದ್ದು: "ಈ ವರ್ಷ ನಾಲ್ಕು ಹೆಂಚು, ಎರಡು ರೀಪು ಕೇಳ್ತಿದೀನಿ. ಬೇಡ ಅಂದ್ರೆ ಮುಂದಿನ ಸಲ ಬಂದಾಗ ಪಕಾಸೇ ಕೇಳ್ತೀನಿ, ಆಮೇಲೆ ಬೇಜಾರ್ ಮಾಡ್ಕೋಬೇಡಿ ಸಾರ್." ಪಕಾಸು ಎಂದರೆ ರೀಪುಗಳನ್ನು ಹೊರುವ ದಪ್ಪ ಮರ. ಚಿಕ್ಕಪ್ಪನಿಗೆ ಈ ಮಾತನ್ನು ಫೋನಿನಲ್ಲಿ ಹಾಗೆಯೇ ಹೇಳಿದೆ. ಅರ್ಧ ಗಂಟೆಯಲ್ಲಿ ದುಡ್ಡು ಬಂತು.

ಆದ್ದರಿಂದ ಖಾಲಿ ಮನೆಗೆ ಖರ್ಚು ಮಾಡುವ ದುಡ್ಡು ಸ್ವಲ್ಪವೇ ಇದ್ದರೆ ಅದು ಮೊದಲು ಮಾಡಿಗೆ ಹೋಗಬೇಕು, ಆಮೇಲೆ ಸೂರಿನ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಹರಿದುಹೋಗುವ ಚರಂಡಿಗೆ. ಬಣ್ಣ, ನೆಲ, ಕಾಂಪೌಂಡು ಇವೆಲ್ಲ ಕಾಯಬಲ್ಲವು. ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿ ಸಸಿ ಮಾತ್ರ ಕಾಯುವುದಿಲ್ಲ. ಬೆರಳುದ್ದ ಇದ್ದಾಗ ಬೇರುಸಹಿತ ಕಿತ್ತರೆ ಬರುತ್ತದೆ, ಬಿಟ್ಟರೆ ಬೇರು ಇಟ್ಟಿಗೆಯ ಸಂದು ಹಿಡಿದು ಗೋಡೆಯನ್ನೇ ಬಿಚ್ಚುತ್ತದೆ. ಅರಳಿ ಗಿಡ ಕೀಳಬಾರದು ಎನ್ನುವವರು ಅದನ್ನು ಗೋಡೆಯಿಂದ ಬಿಡಿಸಿ ದೇವಸ್ಥಾನದ ಹಿತ್ತಲಲ್ಲಿ ನೆಡಲಿ, ನನ್ನ ಅಭ್ಯಂತರವಿಲ್ಲ.

ಒಳಗಿನ ಕೆಲಸ ಇನ್ನೂ ಕಡಿಮೆ, ಆದರೆ ಅದಕ್ಕೆ ಬೀಗ ತೆಗೆಯಬೇಕು. ಬಿಸಿಲಿನ ದಿನ ಎದುರುಬದುರಿನ ಕಿಟಕಿಗಳನ್ನು ತೆರೆದಿಟ್ಟು ಗಾಳಿಯಾಡಲು ಬಿಟ್ಟರೆ ಬೂಷ್ಟು ಅರ್ಧಕ್ಕರ್ಧ ತಗ್ಗುತ್ತದೆ. ಬಹಳ ಜನಕ್ಕೆ ಹೊಳೆಯದ ಸಂಗತಿ ಶೌಚಾಲಯದ್ದು: ಬಳಸದೆ ಬಿಟ್ಟ ಕಮೋಡಿನ ಬಾಗಿದ ಕೊಳವೆಯಲ್ಲಿರುವ ನೀರು ಬೇಸಿಗೆಯಲ್ಲಿ ಆರಿಹೋಗುತ್ತದೆ, ತಡೆಯಾಗಿದ್ದ ಆ ನೀರು ಹೋದ ಮೇಲೆ ಗುಂಡಿಯ ವಾಸನೆಯೂ ಜಿರಲೆಗಳೂ ನೇರವಾಗಿ ಮನೆಯೊಳಗೆ ಬರುತ್ತವೆ. ಬಂದಾಗಲೆಲ್ಲ ಒಂದು ಚೊಂಬು ನೀರು ಸುರಿದು ಅದರ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ನೀರು ಬೇಗ ಆರುವುದಿಲ್ಲ. ಸಂಪಿನದು ಇದಕ್ಕೆ ತದ್ವಿರುದ್ಧ. ಅಲ್ಲಿ ನೀರು ಇರಲೇಬಾರದು. ಡೆಂಗೆ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹೊರಬಂದು ಹಾರುವಂತಾಗಲು ಏಳರಿಂದ ಹತ್ತು ದಿನ ಸಾಕು, ಆ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರುತ್ತವೆ. ಹಾಗಾಗಿ ಸಂಪನ್ನು ಖಾಲಿ ಮಾಡಿದರೆ ಸಾಲದು, ಗೋಡೆಗಳನ್ನು ತಿಕ್ಕಿ ತೊಳೆದು ಮುಚ್ಚಳ ಹಾಕಬೇಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿ, ನೀರು ನಿಲ್ಲಲು ಬಿಟ್ಟ ಮಾಲೀಕರಿಗೆ, ಖಾಲಿ ನಿವೇಶನದವರಿಗೂ ಸೇರಿಸಿ, ದಂಡವನ್ನು ಗೊತ್ತುಪಡಿಸಿತು. ದಂಡದ ಮೊತ್ತ ದೊಡ್ಡದಲ್ಲ, ಆದರೆ ಬೆಂಗಳೂರಿನಲ್ಲಿರುವ ಮಾಲೀಕರನ್ನು ಮಾತಿಗೆ ಎಳೆಯಲು ನನಗೆ ಇದು ಉಪಯೋಗಕ್ಕೆ ಬಂದಿದೆ.

ಈಗ ಕ್ವಾರ್ಟರ್ಸಿನ ಸಾಲುಗಳಿಗೆ ಬರೋಣ. ಅಲ್ಲಿನ ತೊಡಕು ಬೇರೆ. ಸಾಲು ಮನೆಗಳಿಗೆ ಮಾಡು ಒಂದೇ, ನಡುಗೋಡೆ ಇಬ್ಬರಿಗೂ ಸೇರಿದ್ದು. ಮಧ್ಯದ ಮನೆ ಖಾಲಿಯಾಗಿ ಅದರ ಹೆಂಚು ಹೋದರೆ ನೀರು ಇಳಿಯುವುದು ಪಕ್ಕದಲ್ಲಿ ಸಂಸಾರ ಮಾಡಿಕೊಂಡಿರುವವರ ಗೋಡೆಗೆ. ಕಳ್ಳರೂ ಹಂತಹಂತವಾಗಿಯೇ ಬರುತ್ತಾರೆ: ಮೊದಲು ನಲ್ಲಿ ಮತ್ತು ತಾಮ್ರದ ವೈರು, ನಂತರ ಕಿಟಕಿಯ ಸರಳು, ಆಮೇಲೆ ಬಾಗಿಲು, ಕೊನೆಗೆ ಹಗಲು ಹೊತ್ತಿನಲ್ಲೇ ಹೆಂಚು. ಬಾಗಿಲು ಹೋದ ಮನೆಯ ಪಕ್ಕದಲ್ಲಿ ರಾತ್ರಿ ಕಳೆಯಲು ಹೆದರಿ ಉಳಿದ ಸಂಸಾರವೂ ಹೊರಟುಹೋಗುತ್ತದೆ, ಆಗ ಒಂದಿದ್ದ ಖಾಲಿ ಮನೆ ಮೂರಾಗುತ್ತದೆ. ಈ ಲೆಕ್ಕ ಹಿಡಿದು ನೋಡಿದರೆ, ಪೂರ್ತಿ ಖಾಲಿಯಾಗಿ ಪೊದೆ ಬೆಳೆದ ಸಾಲುಗಳ ಮೇಲೆ ಇರುವ ಅಲ್ಪ ಹಣವನ್ನು ಸುರಿಯುವುದಕ್ಕಿಂತ, ಹತ್ತರಲ್ಲಿ ಎಂಟು ಮನೆಗಳಲ್ಲಿ ಇನ್ನೂ ದೀಪ ಉರಿಯುವ ಸಾಲಿನ ಎರಡು ಖಾಲಿ ಮನೆಗಳಿಗೆ ಖರ್ಚು ಮಾಡುವುದೇ ಜಾಣತನ. ಕೇಳಲು ನಿರ್ದಯವೆನಿಸಬಹುದು, ಪೊದೆ ಬೆಳೆದ ಸಾಲಿನಲ್ಲಿಯೇ ಹುಟ್ಟಿ ಬೆಳೆದ ನನಗೂ ಹಾಗೆ ಅನಿಸುತ್ತದೆ.

ಇದು ನಾನೊಬ್ಬನೇ ಹೇಳುವ ಮಾತಲ್ಲ. ಕಾರ್ಖಾನೆಗಳು ಹೋಗಿ ಸಾವಿರಾರು ಮನೆಗಳು ಖಾಲಿಯಾದ ಅಮೆರಿಕದ ಫಿಲಡೆಲ್ಫಿಯಾ ನಗರ 2011ರಲ್ಲಿ ಒಂದು ನಿಯಮವನ್ನು ಜಾರಿಗೆ ತಂದಿತು. ಶೇ. 80ರಷ್ಟು ಮನೆಗಳಲ್ಲಾದರೂ ಜನರಿರುವ ಬೀದಿಯಲ್ಲಿ ಖಾಲಿ ಮನೆಯ ಮಾಲೀಕ ಹಲಗೆ ಬಡಿದು ಕೈತೊಳೆದುಕೊಳ್ಳುವಂತಿಲ್ಲ, ಕೆಲಸ ಮಾಡುವ ಬಾಗಿಲು ಕಿಟಕಿಗಳನ್ನೇ ಕೂರಿಸಬೇಕು, ತಪ್ಪಿದರೆ ತೆರೆದಿರುವ ಒಂದೊಂದು ಕಿಟಕಿಗೂ ದಿನದ ಲೆಕ್ಕದಲ್ಲಿ ದಂಡ. ಹಲಗೆ ಬಡಿದ ಮನೆ ಇಲ್ಲಿ ಯಾರೂ ಇಲ್ಲ ಎಂದು ಕಳ್ಳನಿಗೆ ತಾನೇ ಹೇಳುತ್ತದೆ ಎಂಬುದನ್ನು ಅವರು ಅರ್ಥ ಮಾಡಿಕೊಂಡಿದ್ದರು. ನಮ್ಮ ನಗರಸಭೆಗೂ ಅಧಿಕಾರವಿಲ್ಲದೆ ಇಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಪ್ರಕಾರ ಅಪಾಯದ ಸ್ಥಿತಿಯಲ್ಲಿರುವ ಕಟ್ಟಡವನ್ನು ದುರಸ್ತಿ ಮಾಡುವಂತೆಯೋ ಕೆಡವುವಂತೆಯೋ ಮಾಲೀಕರಿಗೆ ನೋಟಿಸು ಕೊಡಬಹುದು. ಆದರೆ ಎಲ್ಲೆಡೆಯೂ ನೋಟಿಸು ಸಾಮಾನ್ಯವಾಗಿ ಹೊರಡುವುದು ಗೋಡೆ ಬೀದಿಗೆ ವಾಲಿದ ಮೇಲೆಯೇ. ಮೇ ತಿಂಗಳಲ್ಲಿ ವಾರ್ಡಿನ ಖಾಲಿ ಮನೆಗಳ ಮಾಡು ನೋಡಿಕೊಂಡು ಬರುವ ಒಬ್ಬ ಮನುಷ್ಯ, ಒಂದು ಏಣಿ, ಒಂದಷ್ಟು ಹಳೆಯ ಹೆಂಚು ಇದ್ದರೆ ಆ ನೋಟಿಸುಗಳಲ್ಲಿ ಬಹುಪಾಲು ಬೇಕಾಗುವುದೇ ಇಲ್ಲ.

ಸ್ವಂತ ಮನೆಗಳಲ್ಲಿ ಅಡ್ಡಿಯಾಗುವುದು ಖಾತೆ. ತಂದೆ ತೀರಿಕೊಂಡು ವರ್ಷಗಳಾದರೂ ಖಾತೆ ಅವರ ಹೆಸರಿನಲ್ಲೇ ಇರುತ್ತದೆ. ವಂಶವೃಕ್ಷ ಮಾಡಿಸಲು ಒಬ್ಬರು ಬಂದರೆ ಇನ್ನೊಬ್ಬರಿಗೆ ರಜೆ ಸಿಗುವುದಿಲ್ಲ. ಸುಮಾರು 90 ಲಕ್ಷ ಖಾಲಿ ಮನೆಗಳಿರುವ ಜಪಾನಿನಲ್ಲಿ, ಉತ್ತರಾಧಿಕಾರದಿಂದ ಬಂದ ಆಸ್ತಿಯನ್ನು ಮೂರು ವರ್ಷದೊಳಗೆ ನೋಂದಾಯಿಸಿಕೊಳ್ಳಲೇಬೇಕು ಎಂಬ ಕಾನೂನು 2024ರ ಏಪ್ರಿಲಿನಿಂದ ಜಾರಿಗೆ ಬಂದಿದೆ. ನಮ್ಮಲ್ಲಿ ಅಂಥ ಒತ್ತಡವಿಲ್ಲ, ಹಾಗಾಗಿ ಒಡಹುಟ್ಟಿದವರ ನಡುವೆ ಮಾತು ಚೆನ್ನಾಗಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ ಎಂದು ನಾನು ಹೇಳುತ್ತಿರುತ್ತೇನೆ. ಖಾತೆ ಆಗುವವರೆಗೂ ಮನೆಯನ್ನು ಖಾಲಿ ಇಡಬೇಕಾಗಿಲ್ಲ. ಕಡಿಮೆ ಬಾಡಿಗೆಗೆ, ಕೆಲವೊಮ್ಮೆ ಬಾಡಿಗೆಯೇ ಇಲ್ಲದೆ, ಮಾಡು ಮತ್ತು ಹಿತ್ತಲು ನೋಡಿಕೊಳ್ಳುವ ಷರತ್ತಿನ ಮೇಲೆ ಒಂದು ಸಂಸಾರವನ್ನು ಇರಿಸುವುದು ಎಲ್ಲಕ್ಕಿಂತ ಅಗ್ಗದ ನಿರ್ವಹಣೆ. ಮಾಲೀಕರು ಹೆದರುವುದು ಹನ್ನೆರಡು ವರ್ಷ ಇದ್ದವರು ಮನೆ ತಮ್ಮದೇ ಎಂದಾರು ಎಂದು. ಒಪ್ಪಿಗೆಯ ಮೇಲೆ ಇರುವವರಿಗೆ ಅಂಥ ಹಕ್ಕು ಸುಲಭವಾಗಿ ಹುಟ್ಟುವುದಿಲ್ಲ. ಹನ್ನೊಂದು ತಿಂಗಳ ಕರಾರುಪತ್ರ ಬರೆದು, ಪ್ರತಿ ಸಲವೂ ನವೀಕರಿಸಿ, ಕಂದಾಯದ ರಸೀದಿಗಳನ್ನು ಮಾಲೀಕರ ಹೆಸರಿನಲ್ಲೇ ಇಟ್ಟುಕೊಂಡರೆ ಹೆದರಿಕೆಗೆ ಹೆಚ್ಚಿನ ಆಧಾರ ಉಳಿಯುವುದಿಲ್ಲ. ಬಾಯಿಮಾತಿನಲ್ಲಿ ಕೊಟ್ಟು ಮರೆತವರ ಮನೆಗಳೇ ಸಾಮಾನ್ಯವಾಗಿ ಕೋರ್ಟಿನಲ್ಲಿರುವುದು.

ಉಳಿಸಲಾಗದ ಮನೆಗಳೂ ಇವೆ. ಅವನ್ನು ಬೀಳಲು ಬಿಡದೆ ನಾವೇ ಇಳಿಸಬೇಕು, ಅದೂ ಮಳೆಗೆ ಮುಂಚೆ. ಕೈಯಿಂದ ಇಳಿಸಿದರೆ ಗಟ್ಟಿ ಹೆಂಚುಗಳೂ ಒರಲೆ ಮುಟ್ಟದ ಪಕಾಸುಗಳೂ ಅದೇ ಬೀದಿಯ ಬೇರೆ ಮಾಡುಗಳಿಗೆ ಆಗುತ್ತವೆ, ಹಳೆಯ ಅಳತೆಯ ಹೆಂಚಿಗೆ ಹೊಸದು ಹೊಂದದೇ ಒದ್ದಾಡುವವರಿಗೆ ಇದು ದೊಡ್ಡ ಅನುಕೂಲ. ಜೆಸಿಬಿ ತಂದರೆ ಎಲ್ಲವೂ ಒಂದು ಲೋಡು ಮಣ್ಣು. ಗುತ್ತಿಗೆ ಕೊಡುವಾಗ ಶೌಚದ ಗುಂಡಿಯನ್ನೂ ಹಿತ್ತಲಿನ ಬಾವಿಯನ್ನೂ ಏನು ಮಾಡಬೇಕೆಂದು ಬರೆದು ಸಹಿ ಹಾಕಿಸಿಕೊಳ್ಳಬೇಕು: ಗುಂಡಿಯನ್ನು ಬರಿದು ಮಾಡಿಸಿ ಮಣ್ಣು ತುಂಬಿ ದಮ್ಮಸ್ಸು ಮಾಡಬೇಕು, ಬಾವಿಗೆ ಕಬ್ಬಿಣದ ಜಾಲರಿ ಕೂರಿಸಬೇಕು, ಕೊನೆಯ ಕಂತು ಇವೆರಡನ್ನೂ ಕಣ್ಣಾರೆ ನೋಡಿದ ಮೇಲೆಯೇ.