ತೂಕ ಇಳಿಸಿದರೆ ಮುಟ್ಟು ಸರಿಹೋಗುತ್ತಾ, ನಿಂತುಹೋಗುತ್ತಾ?

"ಪಿಸಿಒಎಸ್ ಇದೆ, ತೂಕ ಇಳಿಸು ಅಂತಾರೆ ಡಾಕ್ಟರ್. ನೀನು ನೋಡಿದ್ರೆ ತೂಕ ಇಳಿಸಿ ಮುಟ್ಟೇ ನಿಲ್ಲಿಸ್ಕೊಂಡೆ. ಯಾವುದನ್ನ ನಂಬೋದು?" ಗೆಳತಿಯರು ಇದನ್ನೇ ಕೇಳುತ್ತಾರೆ. (ಪಿಸಿಒಎಸ್ ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ.) ಎರಡನ್ನೂ ನಂಬಬೇಕು.

ನನ್ನ ಕಥೆ ಇಷ್ಟು. ತಂಗಿಯ ಮದುವೆಗೆ ತೆಳ್ಳಗಾಗಬೇಕಿತ್ತು. ರಾತ್ರಿ ಊಟ ಬಿಟ್ಟೆ, ಮುದ್ದೆ ಅರ್ಧ ಮಾಡಿದೆ, ದಿನಾ ಒಂದು ಗಂಟೆ ಓಡಿದೆ. ಮೂರನೇ ತಿಂಗಳು ಮುಟ್ಟು ಬರಲಿಲ್ಲ. ಬಸಿರೂ ಅಲ್ಲ. ರವಿಕೆ ಸಡಿಲವಾದ ಖುಷಿಯಲ್ಲಿ, ಮದುವೆ ಓಡಾಟಕ್ಕೆ ಒಳ್ಳೇದೇ ಆಯ್ತು ಅಂದುಕೊಂಡೆ. ಪೆದ್ದಿ!

ತಿಂಗಳ ಲೆಕ್ಕ ಶುರುವಾಗುವುದು ಮಿದುಳಿನ ಹೈಪೋಥಲಮಸ್‌ನಲ್ಲಿ. ಕೊಬ್ಬಿನಿಂದ ಬರುವ ಲೆಪ್ಟಿನ್ ಅನ್ನೋ ಹಾರ್ಮೋನು ಕಡಿಮೆಯಾದರೆ, ಮನೆಯಲ್ಲಿ ದಿನಸಿ ಮುಗೀತಾ ಬಂತು ಅಂತ ಅದಕ್ಕೆ ಸುದ್ದಿ ಹೋದ ಹಾಗೆ. ಹಾಸಿಗೆ ಇದ್ದಷ್ಟು ಕಾಲು ಚಾಚೋದು ದೇಹಕ್ಕೆ ಗೊತ್ತು. ಅಂಡ ಬಿಡುಗಡೆಗೆ ಸೂಚನೆ ಕೊಡುವ ಎಲ್‌ಎಚ್ ಹಾರ್ಮೋನಿನ ಮಿಡಿತ ನಿಧಾನವಾಗುತ್ತದೆ, ಅಂಡ ಬಿಡುಗಡೆ ನಿಲ್ಲುತ್ತದೆ, ಹೆಣ್ಣು ಹಾರ್ಮೋನು ಈಸ್ಟ್ರೋಜನ್ ಇಳಿಯುತ್ತದೆ. ಥೈರಾಯ್ಡ್‌ನ ಟಿ3, ಅಂದರೆ ಮೈ ಬೆಚ್ಚಗಿಡುವ ಹಾರ್ಮೋನು ಕೂಡ ತಗ್ಗುತ್ತದೆ. ನನಗೆ ಬೇಸಿಗೆಯಲ್ಲೂ ಕೈ ತಣ್ಣಗಿರುತ್ತಿತ್ತು.

ಇದಕ್ಕೆ ತಿಂಗಳುಗಟ್ಟಲೆ ಉಪವಾಸ ಬೇಕಿಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬರೀ 5 ದಿನಕ್ಕೆ ಎಲ್‌ಎಚ್ ಮಿಡಿತ ಏರುಪೇರಾಗಿತ್ತು. ವ್ಯಾಯಾಮದ ಖರ್ಚು ಕಳೆದ ಮೇಲೆ, ಕೊಬ್ಬು ಬಿಟ್ಟು ಉಳಿದ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 30 ಕ್ಯಾಲೊರಿಗಿಂತ ಕಡಿಮೆ ಉಳಿದಾಗ ಹೀಗಾಯಿತು. ಆ ತೂಕ 40 ಕಿಲೋ ಅಂದುಕೊಳ್ಳಿ, 1200 ಕ್ಯಾಲೊರಿ ಉಳಿಯಬೇಕು. ನಾನು 1200 ತಿಂದು ಅದರಲ್ಲೇ 400 ಓಡಿ ಕಳೆಯುತ್ತಿದ್ದೆ.

ಪಿಸಿಒಎಸ್ ಕಥೆ ಬೇರೆ. ಅಲ್ಲಿ ಎಷ್ಟೋ ಜನರಿಗೆ ಇನ್ಸುಲಿನ್ ಜಾಸ್ತಿಯಾಗಿ, ಅಂಡಾಶಯ ಗಂಡು ಹಾರ್ಮೋನನ್ನು ಹೆಚ್ಚು ಮಾಡುತ್ತದೆ. ತೂಕ ಜಾಸ್ತಿ ಇದ್ದವರು ಶೇ. 5ರಿಂದ 10ರಷ್ಟು, ಅಂದರೆ 80 ಕಿಲೋ ಇದ್ದರೆ 4ರಿಂದ 8 ಕಿಲೋ ಇಳಿಸಿದರೂ ಹಲವರಿಗೆ ಮುಟ್ಟು ಸರಿಹೋಗುತ್ತದೆ. ನಿಧಾನವಾಗಿ, ಹೊಟ್ಟೆಗೆ ತಿಂದುಕೊಂಡೇ.

3 ತಿಂಗಳು ಮುಟ್ಟು ಬಾರದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಈಸ್ಟ್ರೋಜನ್ ಇಲ್ಲದೆ ಮೂಳೆ ಸವೆಯುತ್ತದೆ, ಅದು ಕನ್ನಡಿಯಲ್ಲಿ ಕಾಣಲ್ಲ. ನಾನು ರಾತ್ರಿ ಊಟಕ್ಕೆ ವಾಪಸ್ ಕೂತೆ, ಓಟ ಅರ್ಧ ಮಾಡಿದೆ. ಮುಟ್ಟು ಮರಳಲು ಇನ್ನೂ ಐದು ತಿಂಗಳು ಹಿಡಿಯಿತು. ಮದುವೆ ರವಿಕೆಯ ಹೊಲಿಗೆ ಬಿಚ್ಚಿಸಬೇಕಾಯಿತು.